ಗೌರತ್ತೆಯ ಬಂದೂಕಿಗೆ ಬಣ್ಣ

ನಮ್ಮ ಮನೆಗೆ ಬಂದವರು ಯಾರಾದರೂ ನಡುಮನೆಯ ಕಿಟಕಿಯ ಹತ್ತಿರ ಕೂತರೆ ಐದು ನಿಮಿಷದೊಳಗೆ ಆ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕಿಟಕಿಯ ಬಾಗಿಲು ಗಾಳಿಗೆ ಬಡಿದುಕೊಳ್ಳದಿರಲಿ ಎಂದು ಸಂದಿಗೆ ಸಿಕ್ಕಿಸಿರುವ ಮರದ ಚಕ್ಕೆಯನ್ನು ಎಳೆದು, ತಿರುಗಿಸಿ ನೋಡಿ, "ಇದೇನ್ರೀ ಮೇಷ್ಟ್ರೇ, 'ಏಳು, ಟೀ, ಎರಡು ಸಲ' ಅಂತ ಬರ್ದಿದೀರಲ್ಲ?" ಅನ್ನುತ್ತಾರೆ. ನೀವು ಬಂದರೂ ಕೇಳುತ್ತೀರಿ. ಅದಕ್ಕೇ ಈಗಲೇ ಹೇಳಿಬಿಡುತ್ತೇನೆ. ಅಂಥ ಚಕ್ಕೆಗಳು ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಯಲ್ಲಿ ಒಟ್ಟು ಹದಿನಾಲ್ಕಿವೆ. ಒಂದು ಗ್ಯಾಸ್ ಸಿಲಿಂಡರಿನ ಅಡಿಗಿದೆ, ಒಂದು ಕುಂಟುವ ಮೇಜಿನ ಕಾಲಿಗಿದೆ, 'ಹನ್ನೊಂದು, ಬೂಟ್ ಪಾಲಿಶ್' ಅನ್ನುವುದು ಫ್ರಿಜ್ಜಿನ ಹಿಂದೆ ಬಿದ್ದು ಎರಡು ತಿಂಗಳಾಯಿತು. ಎಸೆಯೋಣವೆಂದರೆ ನನ್ನ ಹೆಂಡತಿ ಶೈಲಾ ಬಿಡುವುದಿಲ್ಲ. "ಹನ್ನೆರಡು ದಿನ ನನ್ನ ಅಡಿಗೆಮನೆ ಹಾಳು ಮಾಡಿದ್ರಲ್ಲ, ಅದಕ್ಕೆ ಇಷ್ಟಾದ್ರೂ ಉಪಯೋಗ ಆಗ್ಲಿ" ಎಂಬುದು ಅವಳ ವಾದ.

ಮೂವತ್ತೆರಡು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಬಣ್ಣದ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಇಲ್ಲ ಅಂತ ನಾನೇ ನಂಬಿಕೊಂಡಿದ್ದೆ. ಮಕ್ಕಳೂ ನಂಬಿದ್ದರು, ಪಾಪ. ಯಾವ ಹುಡುಗ ಆಕಾಶಕ್ಕೆ ಯಾವ ನೀಲಿ ಬಳಿದರೂ ಕಿತ್ತುಕೊಂಡು ಸರಿಮಾಡಿಕೊಡುವ ಚಾಳಿ ನನಗಿತ್ತು. ನಿವೃತ್ತನಾದ ಮೇಲೆ ಸರಿಮಾಡಲು ಯಾರ ಆಕಾಶವೂ ಸಿಗದೆ ಸುಮ್ಮನೆ ಕೂತಿದ್ದೆ. ಆಗ ಗೌರತ್ತೆಯ ಫೋನು ಬಂತು.

ಗೌರತ್ತೆ ನಮ್ಮಪ್ಪನ ಕೊನೆಯ ತಂಗಿ. ಎಪ್ಪತ್ತೆಂಟರ ಹೆಂಗಸು. ಭದ್ರಾವತಿಯಿಂದ ಶಂಕರಘಟ್ಟಕ್ಕೆ ಹೋಗುವ ದಾರಿಯಲ್ಲಿ, ನಾಲೆಯ ಪಕ್ಕ ಅವಳ ಮನೆ, ಮನೆಯ ಹಿಂದೆ ಗದ್ದೆ. ಮಗ, ಸೊಸೆ, ಮೊಮ್ಮಕ್ಕಳು, ಎರಡು ನಾಯಿ, ಎಲ್ಲ ಸೇರಿ ಸದಾ ಗಲಾಟೆಯ ಮನೆ. ಬಸ್ಸಿನಲ್ಲಿ ಅವಳ ಹೆಸರು ಹೇಳಿದರೆ ಕಂಡಕ್ಟರಿಗೆ ಗೊತ್ತಾಗುವುದಿಲ್ಲ. 'ಬಂದೂಕಮ್ಮನ ಮನೆ' ಅಂದರೆ ಸೀಟಿ ಊದಿ ಮನೆಮುಂದೆಯೇ ಇಳಿಸುತ್ತಾನೆ.

ಅವಳ ಹತ್ತಿರ ಒಂದು ಒಂಟಿ ನಳಿಗೆಯ ಬಂದೂಕಿದೆ. ಬೆಳೆ ಕಾಯುವುದಕ್ಕೆ ಅಂತ ಸರ್ಕಾರ ಕೊಟ್ಟ ಲೈಸೆನ್ಸು ಅವಳದೇ ಹೆಸರಿನಲ್ಲಿದೆ. ಪ್ರತಿ ಚುನಾವಣೆಗೆ ಮುಂಚೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕಲ್ಲ, ಆ ಸಾಲಿನಲ್ಲಿ ಹತ್ತಿಪ್ಪತ್ತು ಗಂಡಸರ ನಡುವೆ ಸೆರಗು ಹೊದ್ದು ನಿಲ್ಲುವವಳು ಅವಳೊಬ್ಬಳೇ. ಚುನಾವಣೆ ಮುಗಿದ ಮರುದಿನವೇ ರಸೀದಿ ಹಿಡಿದು ಹಾಜರಾಗಿ, "ನಮ್ಮನೆದು ಕೊಡಿ" ಅಂತ ಕೇಳುವವಳೂ ಅವಳೇ. ಫಲಿತಾಂಶ ಬರೋ ತನಕ ಕಾಯಬೇಕು ಅಂತ ಪ್ರತಿ ಸಲವೂ ಹೇಳಿ ಕಳಿಸುತ್ತಾರೆ, ಪ್ರತಿ ಸಲವೂ ಬೈದುಕೊಂಡು ವಾಪಸ್ಸು ಬರುತ್ತಾಳೆ.

ಅದು ಆ ಮನೆಗೆ ಬಂದ ಕಾಲ ನನಗೆ ನೆನಪಿದೆ. ನಾನಾಗ ಎಂಟನೇ ಕ್ಲಾಸು. ಮಾವ ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಅತ್ತೆಗೆ ಮೂವತ್ತಮೂರು ವರ್ಷ, ಸೊಂಟದ ಮೇಲೊಂದು ಕೂಸು. ಮಾವನ ತಮ್ಮಂದಿರು ಇಬ್ಬರು ವಾರಕ್ಕೊಮ್ಮೆ ಬಂದು ಜಗಲಿಯಲ್ಲಿ ಕೂತು, ಎಲೆ ಅಡಿಕೆ ಹಾಕಿಕೊಂಡು, "ಹೆಂಗಸ್ರ ಕೈಲಿ ಗದ್ದೆ ಆಗಲ್ಲ ಅತ್ತಿಗೆ, ನಮಗೆ ಬಿಟ್ಬಿಡು, ಊಟಕ್ಕೆ ನಾವು ಹಾಕ್ತೀವಿ" ಅನ್ನುತ್ತಿದ್ದರು. ಮೊದಮೊದಲು ಮೆತ್ತಗೆ, ಆಮೇಲೆ ಗಟ್ಟಿಯಾಗಿ. ಒಂದು ಬೆಳಿಗ್ಗೆ ನೋಡಿದರೆ ಗದ್ದೆಯ ಗಡಿಕಲ್ಲು ಹತ್ತು ಮಾರು ಒಳಗೆ ಬಂದು ಕೂತಿತ್ತು. ಅತ್ತೆ ಯಾರಿಗೂ ಒಂದು ಮಾತು ಅನ್ನಲಿಲ್ಲ. ನಮ್ಮಪ್ಪನನ್ನು ಕರೆದುಕೊಂಡು ಕಚೇರಿ ಕಚೇರಿ ಅಲೆದು, ಹಂದಿ ಕಾಟ ಅಂತ ಅರ್ಜಿ ಬರೆಸಿ, ಲೈಸೆನ್ಸು ಮಾಡಿಸಿ, ಯಾರೋ ಕಾಫಿ ತೋಟದವರ ಹಳೆಯ ಬಂದೂಕನ್ನು ತಂದು ಜಗಲಿಯಲ್ಲಿ, ಮೈದುನರು ಕೂರುವ ಜಾಗದ ಎದುರಿಗೇ, ಗೋಡೆಗೆ ತೂಗುಹಾಕಿದಳು. ಗಡಿಕಲ್ಲು ತಾನಾಗಿ ವಾಪಸ್ಸು ಹೋಯಿತು.

ರಜೆಗೆ ಹೋದಾಗ ನಮಗೆ ಮಕ್ಕಳಿಗೆ ಆ ಬಂದೂಕೇ ದೇವರು. ಕಬ್ಬಿಣ ಮುಟ್ಟುವ ಹಾಗಿಲ್ಲ, ಮರ ಮಾತ್ರ ಮುಟ್ಟಬಹುದು. ಆಯುಧಪೂಜೆಯ ದಿನ ಅತ್ತೆ ಅದನ್ನು ಕೆಳಗಿಳಿಸಿ ಚಾಪೆಯ ಮೇಲೆ ಮಲಗಿಸಿ, ತನ್ನ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ನಮ್ಮ ಅಂಗೈಗೆ ಒಂದೊಂದು ತೊಟ್ಟು ಹಾಕುತ್ತಿದ್ದಳು. ಸರದಿಯ ಮೇಲೆ ತಿಕ್ಕಬೇಕು. ಆಮೇಲೆ ಅವಳು ವಿಭೂತಿಯ ಮೂರು ಗೆರೆ ಎಳೆದು, ಬಂದೂಕಿಗೂ ನಮ್ಮ ಹಣೆಗೂ ಒಂದೇ ಬಟ್ಟಲಿನಿಂದ ಕುಂಕುಮ ಇಡುತ್ತಿದ್ದಳು. ನಾನು ತಿಕ್ಕಿದ್ದು ಹೆಚ್ಚೋ ನನ್ನ ತಂಗಿ ತಿಕ್ಕಿದ್ದು ಹೆಚ್ಚೋ ಅಂತ ಜಗಳವಾಗಿ ಒಮ್ಮೆ ಇಬ್ಬರಿಗೂ ಪಾಯಸ ಸಿಗಲಿಲ್ಲ.

ಇಂಥ ಬಂದೂಕಿನ ಬಗ್ಗೆ ಫೋನು. "ನಾಗೂ, ಒಂದು ಕೆಲಸ ಇದೆ, ಬಾ. ಫೋನಲ್ಲಿ ಹೇಳೋದಲ್ಲ. ಶೈಲಾಗೆ ಹೇಳ್ಬೇಡ" ಅಂದಳು. ಸ್ಪೀಕರ್ ಹಾಕಿಕೊಂಡು ಮಾತಾಡುವುದು ನನ್ನ ಅಭ್ಯಾಸ. ಶೈಲಾ ಪಕ್ಕದಲ್ಲೇ ಹುರುಳಿಕಾಯಿ ಮುರಿಯುತ್ತಿದ್ದಳು. "ಹೋಗಿ ಬನ್ನಿ, ನಾನೇನೂ ಕೇಳಿಸ್ಕೊಂಡಿಲ್ಲ" ಅಂದಳು.

ಹೋದೆ. ಅತ್ತೆ ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಬಂದೂಕಿನ ಹಿಂಬದಿಯ ಮರ, ಭುಜಕ್ಕೆ ಒತ್ತಿಕೊಳ್ಳುತ್ತಾರಲ್ಲ, ನಾವು ಹಿಡಿ ಅನ್ನುವ ಭಾಗ, ಕುತ್ತಿಗೆಯ ಹತ್ತಿರ ಉದ್ದಕ್ಕೆ ಸೀಳಿಹೋಗಿತ್ತು. ತುದಿಯಂತೂ ಸವೆದು, ಕೆಸರು ಮೆತ್ತಿ, ಹಳೆಯ ಒನಕೆಯ ಹಾಗಾಗಿತ್ತು.

"ಇದೇನತ್ತೆ, ಹೀಗಾಗಿದೆ?"

"ನಾಲೆ ಏರಿ ಹತ್ತೋಕೆ ಮಂಡಿ ಬಿಡಲ್ಲ ಕಣೋ. ಊರ್ಕೊಂಡು ಹತ್ತುತಿದ್ದೆ."

"ಬಂದೂಕು ಊರ್ಕೊಂಡು?"

"ಮತ್ತೇನು, ಕೋಲು ಹಿಡ್ಕೊಂಡು ಓಡಾಡ್ಲಾ? ಊರೋರು ಮುದುಕಿ ಅನ್ನಲ್ವಾ?"

ನಗು ಬಂತು. ಆದರೆ ಅವಳು ನಗಲಿಲ್ಲ. ಲೈಸೆನ್ಸು ನವೀಕರಣಕ್ಕೆ ಬಂದಿತ್ತು. ಈ ಸಲ ವಯಸ್ಸಾದವರು ವೈದ್ಯರ ಸರ್ಟಿಫಿಕೇಟು ತರಬೇಕು, ಬಂದೂಕು ಸಮೇತ ಕಚೇರಿಗೆ ಬಂದು ತೋರಿಸಬೇಕು ಅಂತ ಹೇಳಿ ಕಳಿಸಿದ್ದರು. ಪಕ್ಕದೂರಿನ ಒಬ್ಬ ಯಜಮಾನರಿಗೆ ಕೈ ನಡುಗುತ್ತದೆ ಅಂತ ಅಲ್ಲೇ ಬಿಟ್ಟು ಹೋಗಿ ಅಂದರಂತೆ. "ಒಡೆದಿರೋದು ಕಂಡ್ರೆ ಹೆಂಗೆ ಒಡೀತು ಅಂತಾರೆ. ಊರುಗೋಲು ಮಾಡ್ಕೊಂಡಿದ್ಳು ಅಂತ ಗೊತ್ತಾದ್ರೆ ಕಿತ್ಕೊಳ್ತಾರೆ. ಹಳೇ ಮುದುಕಿ, ಹಳೇ ಬಂದೂಕು ಅಂತ ಎರಡನ್ನೂ ಮೂಲೆಗೆ ಹಾಕ್ತಾರೆ. ಅದು ಹೋದ್ರೆ ನಾನು ಈ ಮನೇಲಿ ಮಲಗೋದು ಹೆಂಗೆ ನಾಗೂ?" ಅಂದಳು. ಕೊನೆಯ ಮಾತು ಹೇಳುವಾಗ ನನ್ನ ಮುಖ ನೋಡಲಿಲ್ಲ. ಹನ್ನೆರಡು ದಿನ ಉಳಿದಿತ್ತು.

ಹೊಸ ಹಿಡಿ ಆಗಲೇ ತಯಾರಾಗಿತ್ತು. ಭದ್ರಾವತಿಯ ಕಾರ್ಖಾನೆ ಕಾಲೊನಿಯ ಸೆಲ್ವಂ ಆಚಾರಿ ಹಳೆಯದರ ಅಳತೆ ಹಿಡಿದು, ಅದೇ ಬಾಗು, ಅದೇ ಕುತ್ತಿಗೆ, ಕೂದಲೆಳೆ ವ್ಯತ್ಯಾಸವಿಲ್ಲದಂತೆ ಕಡೆದುಕೊಟ್ಟಿದ್ದ. ಒಂದೇ ತೊಂದರೆ. ಅವನ ಹತ್ತಿರ ಒಣಗಿದ ಮರ ಅಂತ ಇದ್ದದ್ದು ಹಲಸು. "ಪಲಾ ಮರ ಅಮ್ಮಾ, ನೂರು ವರ್ಷ ಒಂದೂ ಆಗಲ್ಲ" ಅಂತ ಅವನು ಎದೆ ತಟ್ಟಿಕೊಂಡಿದ್ದನಂತೆ. ನೂರು ವರ್ಷದ ಮಾತು ಬಿಡಿ, ನಮ್ಮ ಚಿಂತೆ ಹನ್ನೆರಡು ದಿನದ್ದು. ಹಲಸಿನ ಮರ ಹಳದಿ. ಎಣ್ಣೆಶಾಸ್ತ್ರದ ದಿನ ಅರಿಶಿನ ಮೆತ್ತಿಸಿಕೊಂಡು ಕೂತ ಮದುಮಗಳಷ್ಟು ಹಳದಿ. ನಳಿಗೆಯ ಕೆಳಗೆ ಎಡಗೈ ಹಿಡಿಯುವ ಮುಂದಿನ ಮರವೋ, ಹಳೆಯ ಅಕ್ರೂಟ್, ಇಂಗ್ಲಿಷಿನ ವಾಲ್‌ನಟ್. ಕಾಫಿ ಡಿಕಾಕ್ಷನ್ನಿನ ಬಣ್ಣ, ಅದರೊಳಗೆ ಕಪ್ಪು ಎಳೆಗಳು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಕಣ್ಣು ಕಾಣದವನಿಗೂ ಸಂಶಯ ಬರಬೇಕು.

"ನೀನು ಬಣ್ಣದ ಮೇಷ್ಟ್ರಲ್ವೇನೋ, ಇದನ್ನ ಅದರ ಹಂಗೆ ಮಾಡು" ಅಂದಳು ಅತ್ತೆ. ಬಂದೂಕು ಅವಳ ಹತ್ತಿರವೇ ಉಳಿಯಿತು. ಹಿಡಿಯ ಮರ, ಹೊಂದಿಸಿ ನೋಡಲು ಮುಂದಿನ ಮರ, ಪ್ರಯೋಗಕ್ಕೆ ಸೆಲ್ವಂ ಕೊಟ್ಟ ಒಂದಿಷ್ಟು ಹಲಸಿನ ಚಕ್ಕೆ, ಇಷ್ಟನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಟ್ಟಳು. ಬರೀ ಮರಕ್ಕೆ ಲೈಸೆನ್ಸು ಬೇಡ ಎಂಬುದು ಅವಳ ಕಾನೂನು. ನಿಜವಾದ ಕಾನೂನು ಏನು ಹೇಳುತ್ತದೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ಶಂಕರಘಟ್ಟದಿಂದ ಬಂದ ಬಸ್ಸಿನ ತುಂಬ ಯೂನಿವರ್ಸಿಟಿಯ ಹುಡುಗರು. ಚೀಲದಿಂದ ಹೊರಗೆ ಇಣುಕುತ್ತಿದ್ದ ಹಳದಿ ತುದಿ ನೋಡಿ ಒಬ್ಬ, "ಅಂಕಲ್, ಬ್ಯಾಟಾ?" ಅಂದ. "ಹೂಂ" ಅಂದೆ. "ಯಾವ ಟೀಮು?" ಅಂದ. ಶಿವಮೊಗ್ಗ ಬರುವ ತನಕ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿ ಕೂತಿದ್ದೆ.

ಮನೆಗೆ ಬಂದು ಮೊಬೈಲಿನಲ್ಲಿ ವಿಡಿಯೊ ಹುಡುಕಿದೆ. ಎಲ್ಲೋ ಹಿಮ ಬೀಳುವ ಊರಿನ ಒಬ್ಬ ಗಡ್ಡದವನು, ತನ್ನ ಷೆಡ್ಡಿನಲ್ಲಿ ಕೂತು, ಬಂದೂಕಿನ ಹಿಡಿಗೆ ಬಣ್ಣ ಹಾಕುವುದನ್ನು ನಲವತ್ತು ನಿಮಿಷ ಹೇಳಿಕೊಡುತ್ತಾನೆ. ಅವನ ಇಂಗ್ಲಿಷು ನನಗೆ ಅರ್ಧ ಅರ್ಥವಾಯಿತು. ಅರ್ಥವಾದ ಅರ್ಧ ಇದು: ಮರಕ್ಕೆ ಹಾಕುವ ಬಣ್ಣದಲ್ಲಿ ಎರಡು ಜಾತಿ. ಸ್ಟೇನ್ ಅನ್ನುವುದರಲ್ಲಿ ಬಣ್ಣದ ಪುಡಿ ಇರುತ್ತದೆ, ಅದು ಮರದ ರಂಧ್ರಗಳಲ್ಲಿ ಹೋಗಿ ಕೂರುತ್ತದೆ. ಡೈ ಅನ್ನುವುದು ಪೂರ್ತಿ ಕರಗಿದ ಬಣ್ಣ, ಅದು ಮರದೊಳಕ್ಕೇ ಇಳಿಯುತ್ತದೆ. ಶೈಲಾಗೆ ಇದನ್ನು ವಿವರಿಸಿದೆ. "ಚಿತ್ರಾನ್ನದಲ್ಲಿ ಅರಿಶಿನ ಅನ್ನದೊಳಗೇ ಹೋಗುತ್ತೆ, ಮೇಲೆ ಉದುರಿಸಿದ ಕಾಯಿತುರಿ ಮೇಲೇ ಇರುತ್ತೆ, ಅಷ್ಟೇ ತಾನೆ? ಇದಕ್ಕೆ ನಲವತ್ತು ನಿಮಿಷ ಬೇಕಾ?" ಅಂದಳು. ಈ ಹೆಂಗಸನ್ನು ಮೇಷ್ಟ್ರಾಗಿ ಮಾಡಿದ್ದರೆ ಶಾಲೆ ಹನ್ನೊಂದು ಗಂಟೆಗೇ ಮುಗಿದುಹೋಗುತ್ತಿತ್ತು.

ಗಾಂಧಿ ಬಜಾರಿನಲ್ಲಿ ಬಣ್ಣದಂಗಡಿಯ ಸಾಹೇಬರು ನನಗೆ ಹಳೆಯ ಪರಿಚಯ. "ವಾಲ್‌ನಟ್ ಸ್ಟೇನ್ ಇದೆ ಸಾಬ್, ಏಕ್‌ದಂ ಪಕ್ಕಾ. ಯಾತಕ್ಕೆ ಹಚ್ತೀರಿ, ಬಾಗಿಲಿಗಾ, ಮಂಚಕ್ಕಾ?" ಅಂದರು. ಬಂದೂಕು ಅನ್ನುವುದು ಹೇಗೆ? "ದೇವರ ಪೀಠಕ್ಕೆ" ಅಂದೆ. ಪಾಪ, ದೇವರ ಕೆಲಸ ಅಂತ ಹೊಸ ಬ್ರಶ್ಶೊಂದನ್ನು ಹಾಗೇ ಕೊಟ್ಟರು. ಮನೆಗೆ ಬಂದು ಚಕ್ಕೆಗೆ ಹಚ್ಚಿ ನೋಡಿದರೆ, ಹಳದಿಯ ಮೇಲೆ ಕಂದು ಬಿದ್ದು ಹೋಟೆಲ್ಲಿನ ಕೇಸರಿಭಾತಿನ ಬಣ್ಣ ಬಂತು. ಡಬ್ಬದ ಮೇಲಿನ ಬಣ್ಣ ಅವರು ಹೇಳಿದಂತೆ ಪಕ್ಕಾ. ಆದರೆ ಅದು ಬಿಳಿ ಮರಕ್ಕೆ. ಕೆಳಗೆ ಯಾವ ಬಣ್ಣ ಇದೆಯೋ ಅದೂ ಸೇರಿಕೊಳ್ಳುತ್ತದೆ ಅನ್ನುವುದನ್ನು ಮೂವತ್ತೆರಡು ವರ್ಷ ಆರನೇ ಕ್ಲಾಸಿಗೆ ಪಾಠ ಮಾಡಿದ್ದೆ.

ಬಣ್ಣದ ವಿಷಯದಲ್ಲಿ ನಮ್ಮ ವಂಶದ್ದೇ ಒಂದು ಚರಿತ್ರೆ ಇದೆ. ನಾನು ಚಿಕ್ಕವನಿದ್ದಾಗ ನಮ್ಮಮ್ಮ ಬಣ್ಣಗೆಟ್ಟ ಸೀರೆಗೆ ಪೊಟ್ಟಣದ ಬಣ್ಣ ಹಾಕುತ್ತಿದ್ದಳು. ಹಿತ್ತಲಲ್ಲಿ ಒಲೆ, ಅದರ ಮೇಲೆ ಕುದಿಯುವ ನೀರು, ಕೈಯಲ್ಲಿ ಕೋಲು. ಒಂದು ಸಲ ನೇರಳೆ ಬಣ್ಣ ಹೆಚ್ಚು ಉಳಿಯಿತು. ಚೆಲ್ಲುವುದಕ್ಕೆ ಮನಸ್ಸು ಬಾರದೆ ಅಪ್ಪನ ಅಂಗಿ, ನನ್ನ ಚಡ್ಡಿ, ತಂಗಿಯ ಲಂಗ, ದಿಂಬಿನ ಚೀಲ, ಕೊನೆಗೆ ರೊಟ್ಟಿ ಸುತ್ತುವ ಬಟ್ಟೆಯನ್ನೂ ಅದ್ದಿಬಿಟ್ಟಳು. ಆ ದೀಪಾವಳಿಗೆ ನಮ್ಮ ಸಂಸಾರ ಇಡೀ ನೇರಳೆ. ಅಪ್ಪ ಬೆವರಿದಾಗಲೆಲ್ಲ ಅವರ ಕುತ್ತಿಗೆಯೂ ನೇರಳೆಯಾಗುತ್ತಿತ್ತು, ಬೀದಿಯವರು ವಾರಗಟ್ಟಲೆ ನಕ್ಕರು. ಉಳಿದದ್ದನ್ನು ಚೆಲ್ಲಬಾರದು ಅನ್ನುವ ರೋಗ ನನಗೂ ಅಲ್ಲಿಂದಲೇ ಅಂಟಿದ್ದಿರಬೇಕು. ಯಾಕೆಂದರೆ ಸಾಹೇಬರ ಸ್ಟೇನ್ ಕೈಕೊಟ್ಟ ಮೇಲೆ ಮನೆಯಲ್ಲಿ ಇದ್ದಬದ್ದದ್ದನ್ನೆಲ್ಲ ಮರಕ್ಕೆ ಹಚ್ಚತೊಡಗಿದೆ.

ಟೀ ಡಿಕಾಕ್ಷನ್ ಎರಡು ಸಲ, ನಾಲ್ಕು ಸಲ. ಕಾಫಿ. ಬಾವಿಗೆ ಹಾಕುವ ನೇರಳೆ ಹರಳಿನ ಔಷಧಿಯನ್ನು ನೀರಿಗೆ ಹಾಕಿ ಬಳಿದರೆ ಮೊದಲು ನೇರಳೆಯಾಗಿ (ಅಮ್ಮನ ನೆನಪಾಯಿತು) ನೋಡನೋಡುತ್ತ ಕಂದಾಗುತ್ತದೆ. ಬಣ್ಣ ಚೆನ್ನಾಗಿತ್ತು, ಸ್ವಲ್ಪ ಕಲ್ಲಿನ ಹಾಗೆ ನಿರ್ಜೀವ. ಬೂಟ್ ಪಾಲಿಶ್ ಹೊಳೆಯಿತು, ಆದರೆ ಕೈಗೆ ಬಂತು. ಒಂದೊಂದು ಚಕ್ಕೆಯ ಹಿಂದೆಯೂ ಪೆನ್ಸಿಲ್ಲಿನಲ್ಲಿ ನಂಬರು, ಹೆಸರು ಬರೆದು ಕಿಟಕಿಯಲ್ಲಿ ಒಣಗಿಸಿ, ಬೆಳಿಗ್ಗೆಯ ಬೆಳಕಿನಲ್ಲೊಮ್ಮೆ, ಸಂಜೆ ಒಮ್ಮೆ, ಟ್ಯೂಬ್‌ಲೈಟಿನಲ್ಲೊಮ್ಮೆ ಮುಂದಿನ ಮರದ ಪಕ್ಕ ಇಟ್ಟು ನೋಡುತ್ತಿದ್ದೆ. ಒಂದೂ ಒಪ್ಪಲಿಲ್ಲ. ಆ ಹಳೆಯ ಮರದ ಬಣ್ಣ ಯಾವ ಡಬ್ಬದಿಂದಲೂ ಬಂದದ್ದಲ್ಲವಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಎಳೆಗಳ ನಡುವೆ ವಿಭೂತಿ ಕೂತಿತ್ತು. ನಲವತ್ತೈದು ವರ್ಷದ ಕೊಬ್ಬರಿ ಎಣ್ಣೆ, ದೀಪದ ಮಸಿ, ನಮ್ಮೆಲ್ಲರ ಕೈಯ ಕೊಳೆ. ಇದನ್ನು ಏಳು ದಿನದಲ್ಲಿ ತರುವುದು ಹೇಗೆ ಮಾರಾಯ್ರೇ?

ಹೊಳೆದದ್ದು ಚೊಗರು. ಹಸಿ ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು ರಸ. ನಮ್ಮ ಕಡೆಯಲ್ಲಿ ಅದು ಅಂಟಿದ ಪಂಚೆ ಹರಿದುಹೋದೀತು, ಕಲೆ ಹೋಗುವುದಿಲ್ಲ. ಇದಕ್ಕಿಂತ ಒಳ್ಳೆಯ ಡೈ ಯಾವ ಗಡ್ಡದವನ ಹತ್ತಿರ ಇದ್ದೀತು? ಗೋಪಾಳದಲ್ಲಿ ಅಡಿಕೆ ವ್ಯಾಪಾರ ಮಾಡುವ ಸ್ನೇಹಿತನ ಮನೆಯಿಂದ ಹಳೆಯ ಚೊಗರು ಎರಡು ಬಾಟಲಿ ತಂದು ಚಕ್ಕೆಗೆ ಹಚ್ಚಿದೆ. ಆಹಾ! ಹಲಸಿನ ಹಳದಿ ಒಳಗೊಳಗೇ ಕರಗಿ, ಬೆಚ್ಚನೆಯ ಕೆಂಗಂದು ಎದ್ದು ಬಂತು. ಮುಂದಿನ ಮರಕ್ಕೆ ಹೋಲಿಸಿದರೆ ಒಂದೇ ಒಂದು ಛಾಯೆ ತಿಳಿ, ಅಷ್ಟೆ. ಇನ್ನೇನು, ಚೊಗರನ್ನು ಸ್ವಲ್ಪ ಕಾಯಿಸಿ ಗಟ್ಟಿ ಮಾಡಿದರೆ ಮುಗಿಯಿತು ಅಂದುಕೊಂಡೆ. ಶೈಲಾ ತನ್ನ ಸ್ಟೀಲ್ ಪಾತ್ರೆ ಕೊಡಲಿಲ್ಲ. ಅಟ್ಟದ ಮೇಲಿದ್ದ, ಭದ್ರಾವತಿಯಿಂದಲೇ ಯಾವ ಕಾಲದಲ್ಲೋ ತಂದ ಕಬ್ಬಿಣದ ಬಾಣಲೆ ಇಳಿಸಿಕೊಂಡೆ. ಕಾಯಿಸಿದೆ. ಗಟ್ಟಿಯಾಯಿತು, ಬಣ್ಣವೂ ಕಡುವಾಯಿತು. ಚಕ್ಕೆಯ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡೋಣವೆಂದರೆ ಹದಿನಾಲ್ಕೂ ಮುಗಿದಿದ್ದವು. ಮೂವತ್ತೆರಡು ವರ್ಷದ ಅನುಭವ ಇದೆಯಲ್ಲ ಅಂತ ನೇರವಾಗಿ ಹಿಡಿಗೇ ಬಳಿದೆ.

ಕಣ್ಣೆದುರಿಗೇ ಅದು ಕಪ್ಪಾಯಿತು. ಕಂದುಗಪ್ಪಲ್ಲ, ನೀಲಿಗಪ್ಪು. ಒರೆಸಿದೆ, ಒರೆಸಿದ ಬಟ್ಟೆ ಕಪ್ಪು, ಬೆರಳು ಕಪ್ಪು, ಉಗುರು ಕಪ್ಪು. ಹಿಡಿ ಹೊಸ ಛತ್ರಿಯ ಹಿಡಿಕೆಯ ಹಾಗೆ ಕರ್ರಗೆ ಮಿರುಗುತ್ತಿತ್ತು. ಗುರುವಾರ ಕಚೇರಿಗೆ ಹೋಗಬೇಕು, ಇದು ಸೋಮವಾರ.

ಫೋನು ಮಾಡಿದೆ. ಅತ್ತೆ ಎಲ್ಲ ಕೇಳಿಸಿಕೊಂಡು, "ಯಾವುದರಲ್ಲಿ ಕಾಯಿಸ್ದೆ?" ಅಂದಳು.

"ಬಾಣಲೇಲಿ."

"ಕಬ್ಬಿಣದ್ದಾ?"

"ಹೂಂ."

"ಅಯ್ಯೋ ಮಂಕೆ! ಚೊಗರನ್ನ ಕಬ್ಬಿಣದಲ್ಲಿ ಕಾಯಿಸ್ತಾರೇನೋ? ಅಡಿಕೆ ಬೇಯ್ಸೋ ಹಂಡೆ ತಾಮ್ರದ್ದು ಯಾಕೆ ಅಂತ ತಿಳ್ಕೊಂಡಿದ್ದಿ, ಚೆಂದಕ್ಕಾ? ಕಬ್ಬಿಣ ತಾಗಿದ್ರೆ ಮಸಿ ಆಗುತ್ತೆ ಅಂತ ಹಾಲು ಕುಡಿಯೋ ಮಗೂಗೂ ಗೊತ್ತು. ನಿನ್ನ ಹತ್ರ ಓದಿದ ಮಕ್ಕಳು ಹೆಂಗೆ ಪಾಸಾದ್ರೋ!"

ಬೈಗುಳ ಇನ್ನೂ ಬರುತ್ತದೆ ಅಂತ ಕಾದೆ. ಬರಲಿಲ್ಲ. ಆಮೇಲೆ ಸಣ್ಣ ಧ್ವನಿಯಲ್ಲಿ, "ಗುರುವಾರ ಕಣೋ ನಾಗೂ" ಅಂದಳು. ಗೌರತ್ತೆಯ ಬಾಯಲ್ಲಿ ಅಂಥ ಧ್ವನಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನನ್ನ ಮೇಲೇ ನನಗೆ ಅಸಹ್ಯವಾಯಿತು. ಹಟದಿಂದ ಬೇರೆಯವರ ಆಕಾಶ ತಿದ್ದುವ ಚಾಳಿಗೆ ಈ ವಯಸ್ಸಿನಲ್ಲಿ ಶಾಸ್ತಿಯಾಯಿತು ಅನ್ನಿಸಿತು.

ಬಚಾವು ಮಾಡಿದ್ದು ಮತ್ತೆ ಅವಳೇ. ಅರ್ಧ ಗಂಟೆ ಬಿಟ್ಟು ತಾನಾಗಿ ಫೋನು ಮಾಡಿ, "ಬಟ್ಟೆಗೆ ತುಕ್ಕಿನ ಕಲೆ ಆದ್ರೆ ನಿಂಬೆಹಣ್ಣು ತಿಕ್ತೀವಲ್ಲ, ಇದೂ ಕಬ್ಬಿಣದ್ದೇ ಕಲೆ ತಾನೆ? ತಿಕ್ಕಿ ನೋಡು" ಅಂದಳು. ಎರಡು ಡಜನ್ ನಿಂಬೆಹಣ್ಣು ತಂದೆ. ನಾನೂ ಶೈಲಾಳೂ ಹಿತ್ತಲಲ್ಲಿ ಕೂತು ಸೋಮವಾರ ಸಂಜೆಯಿಂದ ಮಂಗಳವಾರ ಮಧ್ಯಾಹ್ನದವರೆಗೆ ತಿಕ್ಕಿದೆವು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ನೋಡಿ, "ಯಾರಿಗಾದ್ರೂ ದೃಷ್ಟಿ ತೆಗೀತಿದೀರಾ?" ಅಂದರು. ಶೈಲಾ, "ಇವರಿಗೇ" ಅಂದಳು.

ಮೊದಲು ಏನೂ ಆಗಲಿಲ್ಲ. ಆಮೇಲೆ ಅಂಚಿನಲ್ಲಿ ಕಪ್ಪು ಸಡಿಲವಾಯಿತು. ನೀರಿನಿಂದ ತೊಳೆದು ಮತ್ತೆ ತಿಕ್ಕಿದರೆ ಕೆಳಗಿಂದ ಕಂದು ಮೇಲಕ್ಕೆ ಬಂತು. ಮೇಲ್ಮೈಯ ಕಪ್ಪೆಲ್ಲ ಹೋಯಿತು, ರಂಧ್ರಗಳ ಆಳದಲ್ಲಿದ್ದ ಕಪ್ಪು ಮಾತ್ರ ಹೋಗಲಿಲ್ಲ. ಒಣಗಿದ ಮೇಲೆ ತೆಳ್ಳಗೆ, ಈ ಸಲ ಮಣ್ಣಿನ ಕುಡಿಕೆಯಲ್ಲಿ ಬೆಚ್ಚಗೆ ಮಾಡಿದ ಚೊಗರನ್ನು ಒಂದು ಕೈ ಹಚ್ಚಿ, ಅಗಸೆ ಎಣ್ಣೆ ಹಾಕಿ ಅಂಗೈಯಿಂದ ಉಜ್ಜಿದೆ. ಮುಂದಿನ ಮರವನ್ನು ತಂದು ಪಕ್ಕಕ್ಕಿಟ್ಟೆ. ಡಿಕಾಕ್ಷನ್ನಿನ ಕಂದು, ಒಳಗೆ ಕಪ್ಪು ಎಳೆಗಳು. ಯಾವುದು ಅಕ್ರೂಟ್, ಯಾವುದು ಹಲಸು ಅಂತ ನನಗೇ ಒಂದು ಕ್ಷಣ ತಿಳಿಯಲಿಲ್ಲ. ಆ ಎಳೆಗಳು ನನ್ನ ದಡ್ಡತನದ ಉಳಿಕೆ ಅಂತ ನಾನು ಯಾರಿಗೂ ಹೇಳಲಿಲ್ಲ. ಅದೊಂದು ವಿಧಾನ ಅಂತ ಹೇಳಿಕೊಂಡು ತಿರುಗಿದೆ. ಬಣ್ಣದಂಗಡಿಯ ಸಾಹೇಬರು ನಂಬಿದರು ಕೂಡ.

ಬುಧವಾರ ಭದ್ರಾವತಿಗೆ ಹೋಗಿ ಹಿಡಿ ಕೂರಿಸಿದ್ದಾಯಿತು. ಅತ್ತೆ ಕನ್ನಡಕ ಹಾಕಿಕೊಂಡು ಬಿಸಿಲಿಗೆ ಹಿಡಿದು ನೋಡಿದಳು. ನೆರಳಿಗೆ ತಂದು ನೋಡಿದಳು. "ಪರವಾಗಿಲ್ಲ, ನಿನಗೂ ಒಂದಿಷ್ಟು ಬರುತ್ತೆ" ಅಂದಳು. ಮೂವತ್ತೆರಡು ವರ್ಷದ ನೌಕರಿಯಲ್ಲಿ ಅಂಥ ಸರ್ಟಿಫಿಕೇಟು ಸಿಕ್ಕಿರಲಿಲ್ಲ. ಕಚೇರಿಯಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ ಅವಳಿಗೆ ಪಾಠ ಮಾಡಿದೆ. ಕೇಳಿದ್ದಕ್ಕಷ್ಟೇ ಉತ್ತರ. ಮರ ಬದಲಾಯಿಸಿದ ಮಾತು ಎತ್ತಕೂಡದು. ಮಂಡಿ ನೋವಿನ ಸುದ್ದಿ ಬೇಡವೇ ಬೇಡ. ಅತ್ತೆ ಒಳ್ಳೆಯ ಹುಡುಗಿಯ ಹಾಗೆ ತಲೆ ಆಡಿಸಿದಳು.

ಕಚೇರಿಯಲ್ಲಿದ್ದದ್ದು ಒಬ್ಬ ಹೆಣ್ಣು ಅಧಿಕಾರಿ. ನನ್ನ ಕೈಯಲ್ಲಿ ಡ್ರಾಯಿಂಗ್ ಕಲಿತವರ ವಯಸ್ಸಿನವರು, ಕಲಿತಿರಲಿಲ್ಲ ಸದ್ಯ. ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸಿದರು. ನಳಿಗೆಯ ಮೇಲಿನ ನಂಬರನ್ನು ಪುಸ್ತಕದ ಜೊತೆ ತಾಳೆ ನೋಡಿದರು. ಆಮೇಲೆ ಹಿಡಿಯ ಮೇಲೆ ಹೆಬ್ಬೆರಳಾಡಿಸಿ, "ಎಷ್ಟು ಚೆನ್ನಾಗಿ ಇಟ್ಕೊಂಡಿದೀರಿ ಅಜ್ಜಿ. ಹಳೇ ಅಕ್ರೂಟ್ ಮರ ಅಲ್ವಾ?" ಅಂದರು.

ನನ್ನ ಎದೆ ಉಬ್ಬಿತು.

"ಅಲ್ಲಮ್ಮ, ಹಲಸಿಂದು" ಅಂದಳು ಅತ್ತೆ.

ಮೇಜಿನ ಕೆಳಗೆ ಅವಳ ಕಾಲು ತುಳಿದೆ. "ಯಾಕೋ ತುಳೀತಿ?" ಅಂತ ನನ್ನನ್ನು ಗದರಿ, ಅಧಿಕಾರಿಯ ಕಡೆ ತಿರುಗಿ ಎಲ್ಲ ಹೇಳಿಬಿಟ್ಟಳು. ಮಂಡಿ ನೋವು, ನಾಲೆಯ ಏರಿ, ಊರಿಕೊಂಡು ಹತ್ತಿದ್ದು, ಸೀಳಿದ್ದು, ಸೆಲ್ವಂ, ಚೊಗರು, ನನ್ನ ಬಾಣಲೆ. ಹನ್ನೆರಡು ದಿನ ಬಾಗಿಲು ಹಾಕಿಕೊಂಡು ಮುಚ್ಚಿಟ್ಟದ್ದನ್ನು ಆ ಹುಡುಗಿ ಒಂದು ಸಲ ಅಜ್ಜಿ ಅಂದದ್ದಕ್ಕೆ ಎರಡು ನಿಮಿಷದಲ್ಲಿ ಹರವಿಬಿಟ್ಟಳು. ನಿಂಬೆಹಣ್ಣಿನ ಭಾಗಕ್ಕೆ ಬಂದಾಗ ಅಧಿಕಾರಿ ನಗು ತಡೆಯಲಾರದೆ ಫೈಲು ಮುಖಕ್ಕೆ ಅಡ್ಡ ಹಿಡಿದರು. ನಾನು ನನ್ನ ಕಪ್ಪು ಉಗುರನ್ನು ಜೇಬಿಗೆ ಹಾಕಿಕೊಂಡೆ.

ನಗು ಮುಗಿದ ಮೇಲೆ ಅವರು ಪೆನ್ನು ತೆಗೆದರು. "ಕೊನೇ ಸಲ ಯಾವಾಗ ಹೊಡೆದಿದ್ದು ಅಜ್ಜಿ?"

"ಒಂದು ಸಲನೂ ಇಲ್ಲ."

ಅಧಿಕಾರಿ ತಲೆಯೆತ್ತಿದರು. ನಾನೂ ಅವಳ ಕಡೆ ತಿರುಗಿದೆ.

"ಹಂದಿ ಬಂದ್ರೆ?"

"ತಗಡಿನ ಡಬ್ಬ ಬಡೀತೀನಿ. ಮೊಮ್ಮಕ್ಕಳು ಪಟಾಕಿ ಉಳಿಸಿ ಕೊಟ್ಟಿರ್ತಾರೆ, ಹಚ್ತೀನಿ."

"ಮತ್ತೆ ಬಂದೂಕು ಯಾಕೆ?"

"ಆಗ ನನ್ನ ಮೈದುನರು ಇದ್ರಲ್ಲಮ್ಮ, ಗದ್ದೆ ಕಲ್ಲು ಕಿತ್ತು ಒಳಗೆ ಹಾಕೋರು. ನನ್ನ ಹತ್ರ ಇದು ಇದೆ ಅಂತ ಅವ್ರಿಗೆ ಗೊತ್ತಿದ್ರೆ ಸಾಕಿತ್ತು."

"ಈಗ ಅವ್ರು?"

"ಇಬ್ರೂ ಹೋದ್ರು. ಮಕ್ಕಳು ಒಳ್ಳೇರು, ಹಬ್ಬಕ್ಕೆ ಬಂದು ಊಟ ಮಾಡ್ಕೊಂಡು ಹೋಗ್ತಾರೆ."

"ಮಗನ ಹೆಸರಿಗೆ ಮಾಡಿಸಬಹುದಲ್ಲ ಅಜ್ಜಿ?"

"ಅವನಿಗೆ ಯಾಕಮ್ಮ? ಅವನಿಗೆ ಯಾರ ಭಯ?"

ಅಧಿಕಾರಿ ಪೆನ್ನನ್ನು ಮೇಜಿನ ಮೇಲಿಟ್ಟರು. "ಹಾಗಾದ್ರೆ ಇದು ಇದೆ ಅಂತ ಈಗ ಯಾರಿಗೆ ಗೊತ್ತಿರ್ಬೇಕು?" ಅಂತ ಮೆತ್ತಗೆ ಕೇಳಿದರು.

ಅತ್ತೆ ಹಿಡಿಯ ಮೇಲೆ ಅಂಗೈ ಇಟ್ಟಳು. "ನನಗೆ" ಅಂದಳು.

ಅವರು ಪೆನ್ನು ಮತ್ತೆ ಎತ್ತಿಕೊಂಡರು. ವೈದ್ಯರ ಸರ್ಟಿಫಿಕೇಟನ್ನು ಲಗತ್ತಿಸಿ, ನವೀಕರಣಕ್ಕೆ ಶಿಫಾರಸು ಮಾಡಿದೆ ಅಂತ ಬರೆದು, ಸೀಲು ಒತ್ತಿದರು. ನಾಲೆ ಏರಿಗೆ ಇನ್ನು ಮೇಲೆ ಬೇರೆ ಕೋಲು ಹಿಡಿಯಬೇಕು ಅಂತ ಅವಳಿಂದ ಮಾತು ತೆಗೆದುಕೊಂಡರು. ಅತ್ತೆ ಸಹಿ ಹಾಕಿದಳು. ಕೈ ನಡುಗಲಿಲ್ಲ.

ಹೊರಗೆ ಬಂದು ಆಟೋಕ್ಕೆ ಕಾಯುತ್ತ ಹೊಂಗೆ ಮರದ ಕೆಳಗೆ ನಿಂತೆವು. ಬಟ್ಟೆ ಸುತ್ತಿದ ಬಂದೂಕು ಅವಳ ತೋಳಿನಲ್ಲಿತ್ತು. ಇಷ್ಟು ವರ್ಷ ನಾವೆಲ್ಲ ಅವಳನ್ನು ಗಂಡೆದೆಯ ಹೆಂಗಸು ಅಂದುಕೊಂಡಿದ್ದೆವು. ಅವಳು ದಿನಾ ಹೆದರಿಕೊಂಡೇ ಮಲಗುತ್ತಿದ್ದಳು ಅಂತ ಒಬ್ಬರಿಗೂ ಹೊಳೆದಿರಲಿಲ್ಲ.

"ಅಲ್ಲತ್ತೆ, ಅಷ್ಟು ಭಯ ಇತ್ತು, ಕೈಲಿ ಬಂದೂಕೂ ಇತ್ತು. ಹೊಡೆಯೋದಾದ್ರೂ ಕಲಿತುಕೊಳ್ಳಬಾರದಿತ್ತಾ?" ಅಂದೆ.

"ಕಲಿಸ್ತೀನಿ ಅಂತ ನಿಮ್ಮಪ್ಪ ಎರಡು ಸಲ ಬಂದಿದ್ದ, ಬೇಡ ಅಂತ ಕಳಿಸಿದೆ" ಅಂದಳು ಅತ್ತೆ. "ಆಗ ನನಗಿದ್ದ ಸಿಟ್ಟಿಗೆ, ಹೊಡೆಯೋದು ಬಂದಿದ್ರೆ ಆ ಇಬ್ರನ್ನೂ ಹೊಡೆದೇಬಿಡ್ತಿದ್ದೆ ಕಣೋ."